ತಕರಾರು ಬಗೆಹರಿದಿದೆ

ನಮ್ಮಲ್ಲಿ ಯಾರ ಬಳಿಯೂ ಕೊಡೆ ಇರಲಿಲ್ಲ. ಪಾಳಿ ಮುಗಿಸಿ ಹೊರಗೆ ಬಂದರೆ ಮಳೆ ಕೋಲ್ಡ್ ಸ್ಟೋರೇಜಿನ ತಗಡಿನ ಮಾಡನ್ನು ಒಡೆದು ಹಾಕುವ ಹಾಗೆ ಸುರಿಯುತ್ತಿತ್ತು. ಲಾರಿಗೆ ಮಾಲು ತುಂಬುವ ಕಟ್ಟೆಯ ಮೇಲೆ ಪೆಟ್ಟಿಗೆ ತೂಗುವ ತೂಕದ ಹುಡುಗಿ, ಲಾರಿ ಡ್ರೈವರು ಮತ್ತು ನಾನು ಖಾಲಿ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂತೆವು. ಐಸ್ ತಾತ ಆಗಲೇ ಅಲ್ಲಿದ್ದ. ಕಂಪ್ರೆಸರ್ ಮೆಕ್ಯಾನಿಕ್ ಆಗಿದ್ದವನು ನಿವೃತ್ತನಾದ ಮೇಲೂ ಸಂಜೆ ಇಲ್ಲಿಗೇ ಬರುತ್ತಾನೆ. ಮೆಷಿನ್ನಿನ ಸದ್ದಿಲ್ಲದೆ ಮನೆಯಲ್ಲಿ ಕೂರಲು ಆಗುವುದಿಲ್ಲವಂತೆ.

ಡ್ರೈವರಿಗೆ ಸಿಟ್ಟಿತ್ತು. "ಜಾಗ ಇಲ್ಲ ಅಂತ ನನ್ನ ಗಾಡೀನ ಅರ್ಧ ದಿನ ಕಾಯಿಸಿದ್ರಿ. ಐದನೇ ಕೋಣೆ ಖಾಲಿ ಬಿದ್ದಿದೆ. ಅದನ್ನೇನು ಅಳಿಯಂಗೆ ಅಂತ ಇಟ್ಟಿದ್ದೀರಾ ತಾತಾ?"

ತಾತ ಬೀಡಿ ಹಚ್ಚಿದ. ಅರ್ಧ ಸೇದಿ ಶುರು ಮಾಡಿದ.

"ಕೇಳ್ರಪ್ಪಾ ಹಾಗಾದ್ರೆ... ಒಂದು ದೀಪಕ್ಕೆ ಮೂವರು ಯಜಮಾನ್ರಿದ್ರೆ ಏನಾಗತ್ತೆ? ಒಬ್ಬ ಹಾಕು ಅಂತಾನೆ, ಇನ್ನೊಬ್ಬ ಆರಿಸು ಅಂತಾನೆ, ದೀಪ ಯಾರ ಮಾತು ಕೇಳ್ಬೇಕು? ಇಲ್ಲಿ ಪ್ರತಿ ಕೋಣೆಗೂ ಹಾಗೇ ಇತ್ತು. ಬಾಗಿಲ ಒಳಗಡೆ ಒಂದು ಸ್ವಿಚ್ಚು. ಚಾವಣೀಲಿ ಒಂದು ಕಣ್ಣು, ಯಾರಾದ್ರೂ ಅಲ್ಲಾಡಿದ್ರೆ ಅದು ದೀಪ ಹಾಕತ್ತೆ, ಸುಮ್ಮನೆ ನಿಂತ್ರೆ ಆರಿಸತ್ತೆ. ಇವೆರಡೂ ಸಾಲ್ದು ಅಂತ ಕಂಟ್ರೋಲ್ ರೂಮಲ್ಲಿ ಪ್ಯಾನೆಲ್ಲು, ಅಲ್ಲಿ ಕೂತೋನು ಎಲ್ಲ ಕೋಣೆ ದೀಪಾನೂ ಹಾಕ್ಬಹುದು, ಆರಿಸ್ಬಹುದು. ದೀಪ ಉರಿದ್ರೆ ಕೋಣೆ ಬಿಸಿಯಾಗತ್ತೆ ನೋಡು, ಅದಕ್ಕೆ ಆರಿಸೋದೇ ಅವನ ಕೆಲಸ. ಯಾರು ಕೊನೇಲಿ ಹೇಳ್ತಾರೋ ಅವರ ಮಾತು ನಡೀತಿತ್ತು. ಅದೇ ಕಾನೂನು.

"ಪ್ಯಾನೆಲ್ಲಲ್ಲಿ ಕೂರ್ತಿದ್ದೋನು ಕರೆಂಟಣ್ಣ. ಅವನ ಹೆಂಡ್ತಿನೂ ಇಲ್ಲೇ, ಕೋಣೆ ಕೋಣೆಗೆ ಹೋಗಿ ಪೆಟ್ಟಿಗೆ ಎಣಿಸೋಳು, ಲೆಕ್ಕದಕ್ಕ ಅಂತಿದ್ವಿ. ಅವಳು ಎಣಿಸ್ತಾ ಅಲ್ಲಾಡದೆ ನಿಂತಿರ್ತಾಳಾ, ಕಣ್ಣು ದೀಪ ಆರಿಸತ್ತೆ. ಅವಳು ಸ್ವಿಚ್ಚು ಒತ್ತಿ ಹಾಕ್ತಾಳೆ. ಇವನು ಅಲ್ಲಿಂದ ಬೇಕೂಂತ್ಲೇ ಆರಿಸ್ತಾನೆ. ಮತ್ತೆ ಹಾಕ್ತಾಳೆ... ಮತ್ತೆ ಆರಿಸ್ತಾನೆ... ಹೊರಗೆ ಬಂದು ಕಂಟ್ರೋಲ್ ರೂಮಿನ ಗಾಜಿಗೆ ಕೈ ತೋರಿಸಿ 'ಕತ್ತೆ, ಮನೆಗೆ ಬಾ, ಇದೆ ನಿಂಗೆ' ಅಂತಿದ್ಲು. ಅದೇ ಅವರ ಸರಸ. ಮನೆ ಅಂದ್ರೆ ಒಂದೇ ರೂಮು, ಮಕ್ಕಳಿಲ್ಲ, ಬೇರೆ ಯಾರೂ ಇಲ್ಲ. ಅವನಿಗೆ ಅವಳು, ಅವಳಿಗೆ ಅವನು, ಅಷ್ಟೇ.

"ಆಮೇಲೆ ಜಗಳ ಆಯ್ತು. ಅವಳ ಅಮ್ಮನಿಗೆ ಹುಷಾರಿರ್ಲಿಲ್ಲ, ಕರ್ಕೊಂಡು ಬಂದು ಇಟ್ಕೋತೀನಿ ಅಂದ್ಲು. ಇರೋ ಒಂದು ರೂಮಲ್ಲಿ ಮೂವರು ಎಲ್ಲಿ ಮಲಗೋದು ಅಂದ ಇವನು. ನೀನು ಪ್ಯಾನೆಲ್ ಮೇಲೆ ಮಲಕ್ಕೋ ಅಂದ್ಲಂತೆ. ಮಾತು ಬಿಟ್ರು. ಊಟದ ಡಬ್ಬಿ ಬೇರೆ ಬೇರೆ ಆಯ್ತು.

"ಅದೇ ಹೊತ್ತಿಗೆ ಪ್ಯಾನೆಲ್ ಕಂಪನಿ ಇಂಜಿನಿಯರ್ ಬಂದ. ದೀಪಗಳು ಪಟಪಟ ಅಂತ ಹತ್ತಿ ಆರ್ತಿದ್ರೆ ಬೇಗ ಕೆಡ್ತಾವೆ, ಅದಕ್ಕೊಂದು ದಾರಿ ಇದೆ ಅಂತ ಇವನಿಗೆ ಹೇಳ್ಕೊಟ್ಟ. ಮೂವರಿಗೂ ಒಂದೊಂದು ನಂಬರ್ ಕೊಡು, ಯಾರ ನಂಬರ್ ದೊಡ್ಡದೋ ಅವರ ಮಾತೇ ಮಾತು, ಚಿಕ್ಕ ನಂಬರಿನೋರು ಎಷ್ಟು ಬಡ್ಕೊಂಡ್ರೂ ದೀಪ ಕೇಳಲ್ಲ. ಪ್ಯಾನೆಲ್ ಪರದೆ ಮೇಲೆ 'ತಕರಾರು ಬಗೆಹರಿದಿದೆ' ಅಂತ ಬರತ್ತೆ, ನೀನು ತಲೆನೇ ಕೆಡಿಸ್ಕೋಬೇಡ... ಒಳ್ಳೇದೇ ಅಲ್ವಾ?

"ಒಂದಿನ ಬೆಳಿಗ್ಗೆ ನಾನು ಟೀ ಕುಡಿಯೋಕೆ ಅವನ ರೂಮಿಗೆ ಹೋದೆ. ಪ್ಯಾನೆಲ್ಲಲ್ಲಿ ಐದನೇ ಕೋಣೆ ದೀಪ ಹತ್ತಿದ್ದು ಕಾಣ್ತು. ಇವನು ಆರಿಸಿದ. ಹತ್ತಿತು. ಆರಿಸಿದ. ಇಷ್ಟು ದಿನ ಮೂತಿ ತಿರುಗಿಸ್ಕೊಂಡು ಈಗ ಆಟಕ್ಕೆ ಬಂದ್ಲು ನೋಡಿ ಅಂದ. ಅಂದೋನೇ ಪ್ಯಾನೆಲ್ಲಿಗೆ ನೂರು ಹಾಕಿದ, ಸ್ವಿಚ್ಚಿಗೂ ಕಣ್ಣಿಗೂ ಬರೀ ಒಂದು. ಪರದೆ ಮೇಲೆ ಬಂತು, ತಕರಾರು ಬಗೆಹರಿದಿದೆ. 'ಅಣ್ಣಾ, ಮದುವೆಯಾದಾಗಿಂದ ಇವತ್ತೇ ಮೊದಲು, ಕೊನೇ ಮಾತು ನಂದಾಗಿದ್ದು' ಅಂತ ನಕ್ಕ.

"ಒಳಗೆ ಬಾಗಿಲ ಹಿಡಿ ಐಸ್ ಕಟ್ಟಿ ಕೂತಿತ್ತು, ಗೊತ್ತಾ... ತಿರುಗ್ತಾ ಇರ್ಲಿಲ್ಲ. ಒಳಗೆ ಸಿಕ್ಕಿಬಿದ್ದೋರು ಒತ್ತೋಕೆ ಅಂತಿದ್ದ ಗಂಟೆ ಕೆಟ್ಟಿತ್ತು. ಉಕ್ಕಿನ ಗೋಡೆ, ಫೋನಿಗೆ ಸಿಗ್ನಲ್ ಇಲ್ಲ. ಕೂಗಿದ್ರೆ ನನ್ನ ಕಂಪ್ರೆಸರ್ ಸದ್ದಲ್ಲಿ ಯಾರಿಗೆ ಕೇಳತ್ತೆ? ಅವಳಿಗೆ ಉಳಿದಿದ್ದು ಅದೊಂದೇ ದಾರಿ. ಆ ಕಡೆ ಗಂಡ ಕೂತಿದಾನೆ, ದೀಪ ನೋಡ್ತಾನೆ, ಬರ್ತಾನೆ ಅಂತ... ಮಧ್ಯಾಹ್ನ ಊಟಕ್ಕೆ ಕಾಣಲಿಲ್ಲ. ಮಾತು ಬಿಟ್ಟಿದಾಳಲ್ಲ, ಬೇರೆ ಎಲ್ಲೋ ಕೂತು ತಿಂತಿದಾಳೆ ಅಂದ್ಕೊಂಡ. ಸಂಜೆ ಎಲ್ಲರೂ ಹೊರಟಾಗ ಅವಳ ಚೀಲ ಮೊಳೆ ಮೇಲೆ ಹಾಗೇ ನೇತಾಡ್ತಿತ್ತು.

"ಬಾಗಿಲು ಒಡೆದು ನೋಡಿದ್ರೆ ಕತ್ತಲಲ್ಲಿ ಗೋಡೆಗೆ ಒರಗಿ ನಿಂತಿದ್ಲು. ಬಿದ್ದಿರ್ಲಿಲ್ಲ. ಹೆಬ್ಬೆರಳು ಸ್ವಿಚ್ಚಿಗೆ ಅಂಟಿಕೊಂಡಿತ್ತು. ಬಿಡಿಸಿದಾಗ ಚರ್ಮ ಅಲ್ಲೇ ಉಳೀತು."

ತೂಕದ ಹುಡುಗಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಡ್ರೈವರು, "ಆಯ್ತು ಬಿಡಿ ತಾತಾ" ಎಂದ. ತಾತ ಬಿಡಲಿಲ್ಲ.

"ವಿಚಾರಣೆ ಆಯ್ತು, ಹೊಸ ಹಿಡಿ ಬಂತು, ಹೊಸ ಗಂಟೆ ಬಂತು. ಆ ಸ್ವಿಚ್ಚು ಮಾತ್ರ ಯಾರೂ ಮುಟ್ಟಲ್ಲ ಅಂದ್ರು. ನಾನೇ ಕಿತ್ತೆ. ವೈರ್ ಪೂರ್ತಿ ಎಳೆದು, ತೂತಿಗೆ ಸಿಮೆಂಟ್ ತುಂಬಿಸ್ದೆ. ಈಗ ಹೇಳಿ... ಇಲ್ಲದಿರೋ ಸ್ವಿಚ್ಚು ಒತ್ತೋರು ಯಾರು?

"ಮಾರನೇ ದಿನವೇ ಪ್ಯಾನೆಲ್ಲಲ್ಲಿ ಬಂತು. ಐದನೇ ಕೋಣೆ, ಸ್ವಿಚ್ಚು ಹೇಳ್ತಿದೆ, ಹಾಕು. ಪ್ಯಾನೆಲ್ಲು ಹೇಳ್ತಿದೆ, ಬೇಡ. ತಕರಾರು ಬಗೆಹರಿದಿದೆ. ಕರೆಂಟಣ್ಣ ನನ್ನ ಕರೆದು ತೋರಿಸ್ದ. ತೋರಿಸಿ, ನನ್ನೆದುರಿಗೇ ನಂಬರ್ ತಿರುಗಿಸಿ ಹಾಕ್ದ, ಸ್ವಿಚ್ಚಿಗೆ ನೂರು, ಪ್ಯಾನೆಲ್ಲಿಗೆ ಒಂದು. ಖಾಲಿ ಗೋಡೆ ಇರೋ ಕೋಣೇಲಿ ದೀಪ ಹತ್ತಿತು.

"ಹತ್ತಿದ್ದು ಆರಲಿಲ್ಲ. ಒಳಗಿದ್ದ ಮೀನು ಮೆತ್ತಗಾಗೋಕೆ ಶುರುವಾಯ್ತು, ಸಾಹೇಬರು ಬಂದು ಕೂಗಾಡಿದ್ರು, ಇವನು ಕೈ ಹಚ್ಚಲಿಲ್ಲ. ಮನೆಗೂ ಹೋಗ್ತಿರ್ಲಿಲ್ಲ. ಹೋಗಿ ಏನ್ಮಾಡ್ಲಿ ಅಣ್ಣಾ, ಗೋಡೆ ಜೊತೆ ಮಾತಾಡ್ಲಾ ಅಂತಿದ್ದ. ಪ್ಯಾನೆಲ್ ಮುಂದೆ ಕೂತು ಆ ಒಂದು ದೀಪ ನೋಡೋನು. 'ಒಂದ್ಸಲ ಆರಿಸ್ಲಿ ಅಣ್ಣಾ. ಸಿಟ್ಟು ಮಾಡ್ಕೊಂಡು ಒಂದೇ ಸಲ ಆರಿಸ್ಲಿ, ನಾನು ಹಾಕ್ತೀನಿ. ಅಷ್ಟಾದ್ರೂ ಮಾತಾಡ್ಲಿ.' ಮಾತಾಡಿದ್ಲಾ? ಎಲ್ಲಿಂದ... ಅವಳಿಗೆ ಬೇಕಾಗಿದ್ದು ದೀಪ ಒಂದೇ. ಸಿಕ್ಕಿತ್ತು. ಇವನು ಎದ್ದು ಹೋಗಿ ಆ ಕೋಣೆ ಬಾಗಿಲು ತೆಗೆದು ಗಂಟೆಗಟ್ಟಲೆ ನಿಂತ್ಕೊಳ್ಳೋನು. ಚಳಿ, ಪೆಟ್ಟಿಗೆ, ಬೆಳಕು. ಬೇರೇನೂ ಇಲ್ಲ. ವಾಪಸ್ ಬಂದು ಕೂರೋನು.

"ಒಂದು ಲಾರಿ ಕೆಟ್ಟ ಮೀನು ಹೊರಗೆ ಎಸೆದ ಮೇಲೆ ಹೆಡ್ ಆಫೀಸಿನೋರಿಗೆ ಸಾಕಾಯ್ತು. ನಾಲ್ಕನೇ ಯಜಮಾನನ್ನ ತಂದ್ರು. ಎಲ್ಲೋ ಬೇರೆ ಊರಲ್ಲಿರೋ ಕಂಪ್ಯೂಟರು, ಅದರ ನಂಬರ್ ಇನ್ನೂರು, ಇಲ್ಲಿಂದ ಯಾರೂ ಬದಲಾಯಿಸೋ ಹಾಗಿಲ್ಲ. ಐದನೇ ಕೋಣೆ ಕತ್ತಲಾಯ್ತು. ಕರೆಂಟಣ್ಣ ಹೆಡ್ ಆಫೀಸಿಗೆ ಫೋನ್ ಮಾಡ್ದ. ದೀಪ ಯಾರಿಗೆ ಅಂತ ಹೇಳ್ತಾನೆ, ಹೆಂಡ್ತಿ ಒಳಗಿದಾಳೆ ಅಂತಾನಾ? 'ಸರ್, ದೀಪ ಬೇಕು ಸರ್' ಅಂತ ಬೇಡಿಕೊಂಡ. ಆ ಕಡೆಯೋರು ಕಾರಣ ಕೇಳಿದ್ರು. ಇವನು ಫೋನ್ ಇಟ್ಟ. ಪ್ಯಾನೆಲ್ಲಲ್ಲಿ ಐದನೇ ಬಟನ್ ಒತ್ತಿ ಹಿಡ್ಕೊಂಡ. ಹಾಕು ಅಂತ. ಅವನು ಆ ಬಟನ್ನನ್ನ ಹಾಕೋಕೆ ಒತ್ತಿದ್ದು ಅದೇ ಮೊದಲು.

"ಬೆಳಿಗ್ಗೆ ನಾನು ಟೀ ತಗೊಂಡು ಹೋದಾಗ ಕುರ್ಚೀಲೇ ತಣ್ಣಗಾಗಿದ್ದ. ಎದೆ ನಿಂತಿತ್ತು ಅಂದ್ರು ಡಾಕ್ಟರು. ಬೆರಳು ಬಟನ್ ಮೇಲೇ ಇತ್ತು."

ತಾತ ಬೀಡಿ ತುಂಡನ್ನು ಮಳೆಗೆ ಎಸೆದ. ಮುಗಿಯಿತು ಎಂದುಕೊಂಡೆ. ಕಂಪ್ರೆಸರ್ ಒಂದು ಸಲ ನಿಂತು ಮತ್ತೆ ಶುರುವಾಯಿತು.

"ಆ ಕುರ್ಚೀಲಿ ಈಗ ಯಾರೂ ಕೂರಲ್ಲ. ಎಲ್ಲ ಆ ಬೇರೆ ಊರಿನ ಕಂಪ್ಯೂಟರಿಂದ್ಲೇ ನಡೆಯತ್ತೆ. ಹಳೇ ಪ್ಯಾನೆಲ್ ಕಿತ್ತಿಲ್ಲ, ಅಷ್ಟೇ. ಇಲ್ಲೇ, ನಿಮ್ಮ ಬೆನ್ನ ಹಿಂದಿನ ಗಾಜಲ್ಲಿ ಕಾಣತ್ತೆ... ಸ್ವಿಚ್ಚು ಹೇಳತ್ತೆ, ಹಾಕು. ಅದರ ಕೆಳಗೇ ಪ್ಯಾನೆಲ್ಲೂ ಹೇಳತ್ತೆ, ಹಾಕು. ಅವಳು ಆ ತುದೀಲಿ, ಅವನು ಈ ತುದೀಲಿ. ಇಬ್ಬರದೂ ಒಂದೇ ಮಾತು ಈಗ. ಕೇಳೋರು ಯಾರು? ನಂಬ್ಬೇಡಿ, ಎದ್ದು ನೋಡಿ."

ಡ್ರೈವರು ಎದ್ದು ಮಳೆಯಲ್ಲೇ ಲಾರಿಯ ಕಡೆ ನಡೆದ. ತೂಕದ ಹುಡುಗಿ ಗಾಜಿಗೆ ಹಣೆ ಆನಿಸಿ ನೋಡಿದಳು. ಹಿಂದಿರುಗಿ ಬಂದು ಕೂತಳು.

"ಏನೇ?" ಎಂದೆ.

"ಎರಡೂ ಇವೆ" ಎಂದಳು.

ಐದನೇ ಕೋಣೆಯ ದೆಸೆಯಿಂದ ಹೋದದ್ದು: ಒಬ್ಬ ಹೆಂಗಸು, ಒಬ್ಬ ಗಂಡಸು, ಒಂದು ಲಾರಿ ಮೀನು.