ಕೆಂಚನನ್ನು ಕಾಯಲು ಬಂದವರು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಈ ಮಾತು ಕೇಳಿದ ಕೂಡಲೇ ನಿಮ್ಮಲ್ಲಿ ನಾಲ್ಕಾರು ಜನ ಬೆನ್ನನ್ನು ಕಂಬಕ್ಕೆ ಆನಿಸಿದ್ದು ನನಗೆ ಕಂಡಿತು. ಶ್ರೀಮಂತ ಎಂದಮೇಲೆ ಸೊಕ್ಕು ಇರುತ್ತದೆ, ಪ್ರವಚನ ಹೇಳುವ ಬುದ್ಧಿಯವರು ಅವನ ಸೊಕ್ಕು ಇಳಿಸುತ್ತಾರೆ, ನಾವು ಆರಾಮಾಗಿ ಕೇಳಬಹುದು ಎಂದುಕೊಂಡಿರಿ, ಹೌದಲ್ಲ? ಇಲ್ಲ. ಈ ಶ್ರೀಮಂತ ಒಳ್ಳೆಯ ಮನುಷ್ಯ. ಇವತ್ತಿನ ಮಾತು ಅವನದಲ್ಲ. ಅವನ ಮನೆಯ ಕೀಲಿ ಹಿಡಿದುಕೊಂಡವರದು. ಅವರು ನಮ್ಮ ನಿಮ್ಮಂಥವರೇ. ಅದಕ್ಕೇ ನನಗೆ ಹೆದರಿಕೆ.

ಆ ಶ್ರೀಮಂತ ಹುಬ್ಬಳ್ಳಿಯ ಕಡೆಯವನು. ವ್ಯಾಪಾರ ಬಿಟ್ಟು ಕುಮಟಾ ಕಡೆ ಸಮುದ್ರದ ದಂಡೆಯಲ್ಲಿ ಮನೆ ಕಟ್ಟಿಸಿಕೊಂಡಿದ್ದ. ಮನೆಯಲ್ಲಿ ಅವನು, ಹೆಂಡತಿ, ಮತ್ತೆ ಒಂದು ಮುದಿ ನಾಯಿ. ಕೆಂಪು ಮೈ, ಅದಕ್ಕೇ ಕೆಂಚ ಎಂದು ಹೆಸರು. ಒಂದು ಕಿವಿಯ ತುದಿ ಸೀಳಿತ್ತು, ಮರಿಯಿದ್ದಾಗ ಯಾವುದೋ ಬೇಲಿಯ ತಂತಿಗೆ ಸಿಕ್ಕಿ ಹರಿದದ್ದು. ಹೀಗಿರಲು ಆ ಹೆಂಡತಿಗೆ ಹೊಟ್ಟೆಯ ಆಪರೇಷನ್ ಮಾಡಿಸಲು ಮುಂಬೈಗೆ ಹೋಗಬೇಕಾಯಿತು. ಮನೆ ಯಾರು ನೋಡಬೇಕು? ನಾಯಿಗೆ ಅನ್ನ ಯಾರು ಹಾಕಬೇಕು?

ಈಗ ಇನ್ನೊಂದು ಊರಿಗೆ ಬನ್ನಿ. ಗದಗಿನ ಕಡೆ ಗುರುಸಂಗಪ್ಪ, ನೀಲಗಂಗವ್ವ ಎಂಬ ಗಂಡಹೆಂಡಿರು. ಗಂಡ ನೀರು ಸರಬರಾಜಿನ ಕಚೇರಿಯಲ್ಲಿ ದುಡಿದು ನಿವೃತ್ತನಾದವನು. ಊರಿಗೆಲ್ಲ ನೀರು ಬಿಟ್ಟ, ತಾನು ಮಾತ್ರ ಒಂದು ಹೊಳೆಯ ದಂಡೆಗೆ ಹೋಗಿ ಕೂತವನಲ್ಲ. ಹೆಂಡತಿಗೆ ಸಮುದ್ರ ನೋಡುವ ಆಸೆ ಮದುವೆಯಾದಾಗಿನಿಂದ ಇತ್ತು. ಕೈ ಬಿಡುವಾದ ಮೇಲೆ ಅವರಿಗೊಂದು ದಾರಿ ಸಿಕ್ಕಿತು. ನೋಡಿ, ಊರಿಗೆ ಹೋಗಬೇಕು, ಆದರೆ ಮನೆಯಲ್ಲಿ ಸಾಕಿದ ಪ್ರಾಣಿ ಇದೆ ಎನ್ನುವವರು ಲೋಕದಲ್ಲಿ ಬಹಳ. ಊರು ನೋಡಬೇಕು, ಆದರೆ ಇಳಿದುಕೊಳ್ಳಲು ಜಾಗ ಇಲ್ಲ ಎನ್ನುವವರೂ ಬಹಳ. ಈಗ ಈ ಎರಡೂ ತರದವರು ಫೋನಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಳ್ಳುತ್ತಾರೆ. ನೀವು ನಮ್ಮ ಮನೆ ಕಾಯಿರಿ, ನಮ್ಮ ಬೆಕ್ಕಿಗೆ ಹಾಲು ಹಾಕಿರಿ, ನಾವು ಬರುವ ತನಕ ಮನೆ ನಿಮ್ಮದು. ಇದರಲ್ಲಿ ತಪ್ಪಿದೆಯೇ? ತಪ್ಪಿಲ್ಲ. ಬಲು ಚಂದದ ಪದ್ಧತಿ. ಈ ಗಂಡಹೆಂಡಿರು ಹೀಗೇ ಮೈಸೂರಿನಲ್ಲಿ ಒಬ್ಬರ ಬೆಕ್ಕುಗಳನ್ನು ಕಾದು ಮೈಸೂರು ನೋಡಿದರು. ಕೊಲ್ಹಾಪುರದಲ್ಲಿ ಒಬ್ಬರ ಗಿಳಿ ಕಾದು ಅಂಬಾಬಾಯಿಯ ದರ್ಶನ ಮಾಡಿದರು. ಹೋದಲ್ಲೆಲ್ಲ ಒಳ್ಳೆಯ ಹೆಸರು. ಆ ಹೆಸರು ಕೇಳಿಯೇ ಶ್ರೀಮಂತ ಇವರನ್ನು ಕರೆಸಿದ.

ಹೊರಡುವ ದಿನ ಶ್ರೀಮಂತನ ಹೆಂಡತಿ ಕೀಲಿಯನ್ನು ನೀಲಗಂಗವ್ವನ ಕೈಯಲ್ಲಿ ಇಟ್ಟಳು.

"ತಂಗಿ, ಮನಿ ಹ್ಯಾಂಗರ ಇರಲಿ, ಕಸ ಹೊಡೀದಿದ್ರೂ ನಡೀತೈತಿ. ಈ ಕೆಂಚನ್ನ ಒಬ್ಬನ್ನ ಕಟ್ಟಿ ಹೋಗಬ್ಯಾಡ್ರಿ. ಒಬ್ಬನ ಆದ್ರ ಭಾಳ ಹೆದರತಾನ."

"ನಮ್ಮ ಕೂಸಿನಂಗ ನೋಡ್ಕೋತೀವಿ ಅಕ್ಕಾರ, ನೀವು ಆರಾಮಾಗಿ ಬರ್ರಿ," ಎಂದಳು ನೀಲಗಂಗವ್ವ.

ಸುಳ್ಳು ಹೇಳಿದಳೇ? ಇಲ್ಲ. ಆ ಹೊತ್ತಿಗೆ ಅದು ಸತ್ಯವೇ ಆಗಿತ್ತು. ನಾವು ಕೊಡುವ ಮಾತೆಲ್ಲ ಕೊಡುವ ಹೊತ್ತಿಗೆ ಸತ್ಯವೇ ಆಗಿರುತ್ತದೆ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಕೆಂಚನನ್ನು ಕರೆದುಕೊಂಡು ದಂಡೆಗೆ ಹೋಗುವರು. ನೀಲಗಂಗವ್ವ ಸೀರೆಯ ನಿರಿಗೆ ಎತ್ತಿ ಹಿಡಿದು ತೆರೆಯಲ್ಲಿ ನಿಂತು ಸಣ್ಣ ಹುಡುಗಿಯಂತೆ ನಗುವಳು. ಸಂಜೆಯಾದರೆ ಆಸ್ಪತ್ರೆಯಿಂದ ವಿಡಿಯೋ ಕಾಲ್ ಬರುವುದು. ಹಾಸಿಗೆಯಲ್ಲಿ ಮಲಗಿದ ಯಜಮಾನಿ, "ಕೆಂಚಾ," ಎನ್ನುವಳು. ನಾಯಿ ಫೋನನ್ನು ಮೂಸುವುದು. ಅಷ್ಟೇ. ಅಷ್ಟರಲ್ಲಿ ಆಕೆಗೆ ಸಮಾಧಾನ.

ಒಂದು ದಿನ ಗುರುಸಂಗಪ್ಪ ಹೇಳಿದ, "ಹಿನ್ನೀರಾಗ ದೋಣಿ ಬಿಡ್ತಾರಂತ, ನಡಿ ಹೋಗಿ ಬರೂಣು."

"ಕೆಂಚನ್ನ ಏನ್ ಮಾಡೂದ್ರಿ?"

"ದೋಣ್ಯಾಗ ನಾಯಿ ಹತ್ತಿಸಿಕೊಳ್ಳೂದಿಲ್ಲಂತ. ಒಂದೀಟು ಹೊತ್ತು, ನೀಲಾ. ಪಡಸಾಲ್ಯಾಗ ಕಟ್ಟಿದ್ರಾತು. ನೀರಿಡು, ಅನ್ನ ಇಡು. ಏನಾಗತೈತಿ?"

ಏನಾಗುತ್ತದೆ! ನೋಡಿ, ಈ ಮಾತನ್ನು ನೆನಪಿಡಿ. ಮನುಷ್ಯ ಕೆಟ್ಟ ಕೆಲಸವನ್ನು ಕೆಟ್ಟದ್ದು ಎಂದು ಮಾಡುವುದು ಕಡಿಮೆ. ಏನಾಗುತ್ತದೆ ಎಂದು ಮಾಡುತ್ತಾನೆ.

ಅವರು ಹೋದರು. ದೋಣಿಯಲ್ಲಿ ಕೂತರು, ಬೆಳ್ಳಕ್ಕಿ ನೋಡಿದರು, ಎಳನೀರು ಕುಡಿದರು. ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಗೇಟು ದೂಡಿದರು. ಪಡಸಾಲೆಯಲ್ಲಿ ಸರಪಳಿ ಇತ್ತು. ಸರಪಳಿಯ ತುದಿಗೆ ಕೊರಳ ಪಟ್ಟಿ ಇತ್ತು. ನಾಯಿ ಇರಲಿಲ್ಲ. ನೀರಿನ ಬೋಗುಣಿ ಮಗುಚಿ ಬಿದ್ದಿತ್ತು. ಬಾಗಿಲಿನ ಬುಡದಲ್ಲಿ ಕಟ್ಟಿಗೆಯನ್ನು ಕೆರೆದ ಉಗುರಿನ ಗುರುತು, ಒಳಗೆ ಬಿಡಿ ಎಂದು ಕೆರೆದದ್ದು.

ಇಬ್ಬರೂ ಹಿತ್ತಲಿಗೆ ಓಡಿದರು, ದಂಡೆಗೆ ಓಡಿದರು. ಕೂಗುತ್ತಾರೆ, ಆದರೆ ಮೆಲ್ಲಗೆ ಕೂಗುತ್ತಾರೆ! ಯಾರಾದರೂ ಕೇಳಿದರೆ? ಗಾಬರಿ ನೋಡಿ ಎಂಥದ್ದು. ನಾಯಿಗೆ ಕೇಳಿಸಬೇಕು, ಜನರಿಗೆ ಕೇಳಿಸಬಾರದು.

ಆಗ ಫೋನು ರಿಂಗಾಯಿತು.

ಹೇಳಿಬಿಡಬಹುದಿತ್ತಲ್ಲ? ತಾಯಿ, ತಪ್ಪಾಯಿತು, ನಾಯಿ ತಪ್ಪಿಸಿಕೊಂಡಿತು, ಹುಡುಕುತ್ತಿದ್ದೇವೆ ಎಂದು. ಗುರುಸಂಗಪ್ಪ ಫೋನು ಎತ್ತಿದ. "ಈಗ ಉಂಡು ಮಲಗ್ಯಾನ್ರಿ, ಎಬ್ಬಸೂದು ಬ್ಯಾಡ," ಎಂದ. ಆ ಕಡೆಯಿಂದ ಯಜಮಾನಿ ಮೆಲ್ಲಗೆ, "ಆತು, ಮಲಗ್ಲಿ," ಎಂದಳು.

ಮರುದಿನ ಬೆಳಕು ಹರಿದಾಗ ಅವರ ಹೆದರಿಕೆ ಎರಡು ಪಟ್ಟಾಗಿತ್ತು. ನಿನ್ನೆ ನಾಯಿ ಹೋದ ಹೆದರಿಕೆ ಒಂದೇ ಇತ್ತು, ಈಗ ಸುಳ್ಳಿನದೂ ಸೇರಿತು. ಪಕ್ಕದ ಮನೆಯಲ್ಲಿ ಮಾದೇವಿ ಎಂಬ ಮೀನು ಮಾರುವ ಹೆಂಗಸು. ಆಕೆ ಗೋಡೆಯಾಚೆಯಿಂದ ಮಾತಾಡಿಸಿದಳು.

"ಅಮ್ಮಾ, ನಾಯಿ ಹೆಂಗದೆ?"

"ಆರಾಮ ಐತ್ರಿ," ಎಂದವಳೇ ನೀಲಗಂಗವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಯಿ ಹುಡುಕುವವರು ಮೊದಲು ಯಾರನ್ನು ಕೇಳಬೇಕು? ಪಕ್ಕದ ಮನೆಯವರನ್ನು. ಇವರಿಗೆ ಅದೇ ಬಾಗಿಲು ಕಂಡರೆ ಭಯ. ಮಾದೇವಿಗೆ ಗೊತ್ತಾದರೆ ಯಜಮಾನನಿಗೆ ಗೊತ್ತಾಗುತ್ತದಲ್ಲ! ದೂರದ ಕೇರಿಗಳಲ್ಲಿ ಹುಡುಕಿದರು, ಮೀನು ಒಣಗಿಸುವ ಬಯಲಿನಲ್ಲಿ ಹುಡುಕಿದರು. ಹೆದ್ದಾರಿಯ ಬದಿಯಲ್ಲಿ ಏನಾದರೂ ಬಿದ್ದದ್ದು ಕಂಡರೆ ನೀಲಗಂಗವ್ವ ಕಣ್ಣು ಮುಚ್ಚಿಕೊಂಡು ಗಂಡನನ್ನು ಮುಂದೆ ಕಳಿಸುವಳು. ಅವನು ಹೋಗಿ ನೋಡಿ, "ಅಲ್ಲ," ಎನ್ನುವ ತನಕ ಕಣ್ಣು ತೆರೆಯುತ್ತಿರಲಿಲ್ಲ. ಇಷ್ಟು ವರ್ಷ ಹಂಬಲಿಸಿ ನೋಡಲು ಬಂದ ಸಮುದ್ರ, ಅದರ ಸದ್ದೇ ಬೇಡವಾಯಿತು.

ಮತ್ತೆ ಸಂಜೆ. ಮತ್ತೆ ಫೋನು ಬರುವ ಹೊತ್ತು. ಗುರುಸಂಗಪ್ಪ ಎಲ್ಲಿಂದಲೋ ಒಂದು ಬೀದಿನಾಯಿಗೆ ಬಿಸ್ಕೀಟು ತೋರಿಸುತ್ತ ಮನೆಯೊಳಗೆ ಕರೆತಂದ. ಅದೇ ಕೆಂಪು ಬಣ್ಣ. ಕೆಂಚನ ಪಟ್ಟಿಯನ್ನು ಅದರ ಕೊರಳಿಗೆ ಹಾಕಿದ.

"ಬ್ಯಾಡ್ರೀ, ನಿಮ್ಮ ಕಾಲಿಗೆ ಬೀಳತೇನಿ," ಎಂದು ಹೆಂಡತಿ ಅತ್ತಳು.

"ಹಿಂದ್ಲಿಂದ ತೋರಸತೇನಿ, ಮಾರಿ ಕಾಣಬಾರದು. ಆಪರೇಷನ್ ಆಗೂಮಟ ಆಕೀ ಜೀವಕ್ಕ ತ್ರಾಸು ಬ್ಯಾಡ ಅಂತ ಮಾಡಾಕ್ಹತ್ತೇನಿ."

ಕೇಳಿದಿರಾ? ತನ್ನ ಹೆದರಿಕೆಗೆ ದಯೆಯ ಬಟ್ಟೆ ತೊಡಿಸಿದ! ಆಕೆಯ ಸಲುವಾಗಿ ಮಾಡುತ್ತೇನೆ ಎಂದ.

ಫೋನು ಬಂತು. ಗೋಡೆಯ ಕಡೆ ಮುಖ ಮಾಡಿ ಬಿಸ್ಕೀಟು ತಿನ್ನುತ್ತಿದ್ದ ನಾಯಿಯ ಬೆನ್ನು ತೋರಿಸಿದ. ಯಜಮಾನಿ ನೋಡಿದಳು. ಬಹಳ ಹೊತ್ತು ನೋಡಿದಳು. ಕೆಂಚಾ ಎಂದು ಕರೆಯಲಿಲ್ಲ.

"ಒಂದೀಟು ಅವನ ಕಿವಿ ತೋರಸ್ರಿ," ಎಂದಳು.

ಗುರುಸಂಗಪ್ಪನ ಬೆರಳು ತಾನಾಗಿಯೇ ಕೆಂಪು ಗುಂಡಿಯನ್ನು ಒತ್ತಿತು. ಫೋನು ಕಟ್ಟಾಯಿತು. "ನೆಟ್‌ವರ್ಕ್ ಹೋತು ಅಂತ ಹೇಳೂಣು," ಎಂದ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಬ್ಯಾಗು ಎಳೆದು ಬಟ್ಟೆ ತುರುಕತೊಡಗಿದ. "ನೀಲಾ, ನಡಿ. ಕೀಲಿ ಕಿಟಕ್ಯಾಗ ಇಟ್ಟು ಬಸ್ಸು ಹತ್ತೂಣು. ಇನ್ನ ಇಲ್ಲಿರಾಕ ನನ್ನ ಕಡೆ ಆಗೂದಿಲ್ಲ."

ನೀಲಗಂಗವ್ವ ಬ್ಯಾಗು ಮುಟ್ಟಲಿಲ್ಲ. ಬರಿಗಾಲಲ್ಲಿ ಹೊರಗೆ ಬಂದಳು. ಆ ಗೋಡೆಯನ್ನು ಸುತ್ತಿ ಹೋಗುವಷ್ಟರಲ್ಲಿ ಎರಡು ಸಲ ತಿರುಗಿ ಬರಬೇಕೆನಿಸಿತು. ತಿರುಗಲಿಲ್ಲ. ಮಾದೇವಿಯ ಬಾಗಿಲು ತಟ್ಟಿದಳು.

"ಅಕ್ಕಾ, ನಾಯಿ ಕಳಕೊಂಡೇವಿ. ನಿನ್ನೆನ ಹೋಗೇತಿ. ನಾ ನಿಮಗ ಸುಳ್ಳು ಹೇಳಿದೆ."

ಮಾದೇವಿ ಆಕೆಯ ಮುಖ ನೋಡಿದಳು. "ಈಗ ಕೇಳೂಕೆ ಬಂದ್ರಾ ಅಮ್ಮಾ?" ಎಂದಳು. "ಬನ್ನಿ ಒಳಗೆ."

ಹಿಂದಿನ ಜಗಲಿಯಲ್ಲಿ, ಹಳೆಯ ಬಲೆಯ ಮೇಲೆ, ಕಾಲಿಗೆ ಬಟ್ಟೆ ಸುತ್ತಿಸಿಕೊಂಡು ಕೆಂಚ ಮಲಗಿದ್ದ.

ಆದದ್ದು ಇಷ್ಟು. ಒಂಟಿಯಾದ ನಾಯಿ ಹೆದರಿ ಪಟ್ಟಿಯಿಂದ ತಲೆ ಕಿತ್ತುಕೊಂಡು ಓಡಿತ್ತು. ಬೈಕು ತಾಗಿ ಕಾಲಿಗೆ ಪೆಟ್ಟಾಗಿತ್ತು. ಮಾದೇವಿ ಎತ್ತಿಕೊಂಡು ಬಂದರೆ ಮನೆಗೆ ಬೀಗ. ಆಕೆ ಡಾಕ್ಟರಿಗೆ ತೋರಿಸಿ, ಯಜಮಾನನಿಗೆ ಫೋನು ಮಾಡಿದಳು. ಯಜಮಾನ ಎಂದನಂತೆ, "ನಿಮ್ಮ ಹಂತ್ಯಾಕ ಇರಲಿ. ಅವರು ಕೇಳಾಕ ಬರತಾರ, ಆವಾಗ ಕೊಡ್ರಿ." ಅಂದರೆ? ಮೊದಲನೆಯ ಸಂಜೆ ಫೋನು ಬಂದಾಗಲೇ ಯಜಮಾನಿಗೆ ಎಲ್ಲ ಗೊತ್ತಿತ್ತು! ಬೀದಿನಾಯಿಯ ಬೆನ್ನು ತೋರಿಸಿದಾಗ ಗೊತ್ತಿತ್ತು! ಗೋಡೆಯಾಚೆಯಿಂದ, ನಾಯಿ ಹೆಂಗದೆ ಎಂದು ಕೇಳಿದವಳ ಜಗಲಿಯಲ್ಲೇ ನಾಯಿ ಇತ್ತು!

ನೀಲಗಂಗವ್ವ ಅಲ್ಲೇ ನೆಲದ ಮೇಲೆ ಕೂತಳು. ಕೆಂಚ ಕುಂಟುತ್ತ ಬಂದು ಆಕೆಯ ಮೊಣಕಾಲಿನ ಮೇಲೆ ಗದ್ದ ಇಟ್ಟ. ಅವನಿಗೆ ಯಾವ ಲೆಕ್ಕವೂ ಇರಲಿಲ್ಲ.

ಆಕೆ ಅಲ್ಲಿಂದಲೇ ಮುಂಬೈಗೆ ಫೋನು ಹಚ್ಚಿದಳು. ಎಲ್ಲ ಹೇಳಿದಳು. ಗಂಡನ ಮೇಲೆ ಹಾಕಲಿಲ್ಲ, "ಇಬ್ಬರೂ ಕೂಡೇ ಮಾಡಿದ್ವಿ ಅಕ್ಕಾರ, ಕ್ಷಮಾ ಮಾಡ್ರಿ," ಎಂದಳು.

ಯಜಮಾನಿಯ ದನಿ ಸಣ್ಣಗಿತ್ತು. "ನಾಯಿ ತಪ್ಪಿಸಿಕೊಂಡದ್ದಕ್ಕ ನಿನ್ನೆನ ಕ್ಷಮಾ ಮಾಡಿದ್ದೆ, ತಂಗಿ. ಎರಡೂ ಸಂಜಿ ಫೋನ್ ಹಚ್ಚಿದ್ದು ನಾಯಿ ನೋಡಾಕಲ್ಲ. ನಾಯಿ ಎಲ್ಲೈತಿ ಅಂತ ನನಗ ಗೊತ್ತಿತ್ತು. ನಾಳೆ ನನ್ನ ಆಪರೇಷನ್ನಿಗೆ ಒಳಗ ಒಯ್ತಾರ. ನನ್ನ ಮನ್ಯಾಗ ಇದ್ದವರು ನನಗ ಖರೇ ಹೇಳತಾರ ಅನ್ನೂದಷ್ಟ ಕೇಳಿ ಒಳಗ ಹೋಗಬೇಕು ಅನಸಿತ್ತು."

"ಈಗ ಹೇಳೇನ್ರಿ ಅಕ್ಕಾರ."

"ಹೇಳೀರಿ. ಅದಕ್ಕ ಇವತ್ತು ನಿದ್ದಿ ಬರತೈತಿ ನನಗ. ಇದಕ್ಕೂ ಕ್ಷಮಾ ಮಾಡೇನಿ. ಆದರ ಕೀಲಿ ಮಾದೇವಿ ಕೈಯಾಗ ಕೊಟ್ಟು ಹೋಗ್ರಿ."

ಅವರು ಕೀಲಿ ಕೊಟ್ಟು ಊರಿಗೆ ಬಂದರು. ಯಜಮಾನಿ ಆಪರೇಷನ್ ಮುಗಿಸಿ ಕ್ಷೇಮವಾಗಿ ಮನೆಗೆ ಬಂದಳು, ಕೆಂಚನ ಕಾಲೂ ವಾಸಿಯಾಯಿತು. ಯಾರೂ ಸಾಯಲಿಲ್ಲ. ಯಾರೂ ಬೈಯಲೂ ಇಲ್ಲ. ಆದರೆ ಗುರುಸಂಗಪ್ಪ ಮುಂದೆ ಯಾರ ಮನೆ ಕಾಯಲೂ ಹೋಗಲಿಲ್ಲ. ಕರೆದವರಿಗೆ ಮಂಡಿನೋವು ಎಂದು ಹೇಳುತ್ತಿದ್ದ. ಸಂಜೆ ಫೋನು ರಿಂಗಾದರೆ ತಾನು ಎತ್ತುತ್ತಿರಲಿಲ್ಲ, ಹೆಂಡತಿಯ ಮುಖ ನೋಡುತ್ತಿದ್ದ.

ನಿಮಗೆ ಈಗ ಏನನ್ನಿಸುತ್ತಿದೆ? ಪಾಪ, ನಾಯಿ ಸಿಕ್ಕಿತಲ್ಲ ಎಂದೇ? ತಾಯಂದಿರೇ, ಅಣ್ಣಂದಿರೇ, ನನಗೆ ಹೆದರಿಕೆ ಹುಟ್ಟಿಸುವುದು ಕಳೆದ ನಾಯಿಯಲ್ಲ. ಎಲ್ಲ ಗೊತ್ತಿದ್ದೂ ಮೆಲ್ಲಗೆ, ಆತು, ಮಲಗ್ಲಿ ಎಂದ ಆ ದನಿ. ನಿಮ್ಮ ಮನೆಯಲ್ಲೂ ಅಂಥ ದನಿ ಇದೆ. ಅತ್ತೆಗೆ ಮಧ್ಯಾಹ್ನದ ಗುಳಿಗೆ ಕೊಡಲು ಮರೆತು, ಕೊಟ್ಟೆ ಎಂದಿರಿ. ಅವರು ಹ್ಞೂಂ ಎಂದರು. ಗುಳಿಗೆ ನುಂಗಿದ್ದೇನೋ ಇಲ್ಲವೋ ಎನ್ನುವುದು ಅವರ ನಾಲಗೆಗೆ ಗೊತ್ತಿಲ್ಲವೇ? ಕುಡಿತ ಬಿಟ್ಟೆ ಎಂದು ಹೆಂಡತಿಯ ತಲೆಯ ಮೇಲೆ ಕೈ ಇಟ್ಟಿರಿ. ಆಕೆ ದಿನಾ ಬಾಗಿಲು ತೆರೆಯುವಾಗ ಊಟ ಆಯಿತೇ ಎಂದು ಕೇಳುತ್ತಾಳೆ. ಅದು ಊಟದ ಪ್ರಶ್ನೆಯೇ? ಎರವಲು ತಂದ ಪಾತ್ರೆ ಒಡೆದದ್ದು, ನೆರೆಯವರು ಬಿಟ್ಟುಹೋದ ಕೂಸು ನಿಮ್ಮ ಅಂಗಳದಲ್ಲಿ ಬಿದ್ದದ್ದು, ಎಲ್ಲವನ್ನೂ ಮುಚ್ಚಿದಿರಿ. ಕೇಳುವವರು ಗೊತ್ತಿಲ್ಲದೆ ಕೇಳುತ್ತಿದ್ದಾರೆ ಎಂದುಕೊಂಡಿದ್ದೀರಿ. ಗೊತ್ತಿದ್ದೇ ಕೇಳುತ್ತಿದ್ದಾರೆ. ನಿಮಗೊಂದು ಅವಕಾಶ ಸಿಗಲಿ ಎಂದು ಕೇಳುತ್ತಿದ್ದಾರೆ. ಮನೆಯವರೇ ಹೀಗಾದರೆ ಮೇಲಿನ ಶಿವ ಹೇಗೆ ಕೇಳುತ್ತಿರಬಹುದು, ಯೋಚಿಸಿ.

ಒಂದು ದಿನ ಅವರು ಕೇಳುವುದನ್ನು ಬಿಡುತ್ತಾರೆ. ಹೆದರಬೇಕಾದ್ದು ಆ ದಿನಕ್ಕೆ.

ದಾಸೋಹದ ಪ್ರಸಾದ ಎಲ್ಲಿಗೂ ಓಡಿಹೋಗುವುದಿಲ್ಲ. ಅದಕ್ಕೇ ಇವತ್ತು ಎಲೆಯ ಮುಂದೆ ಕೂರುವ ಮೊದಲು, ಚಪ್ಪಲಿ ಬಿಟ್ಟ ಜಾಗದಲ್ಲಿ ನಿಂತು, ಯಾರಿಗೆ ಸುಳ್ಳು ಹೇಳಿದ್ದೀರೋ ಅವರಿಗೆ ಫೋನು ಹಚ್ಚಿ. ಪಕ್ಕದಲ್ಲೇ ಕೂತಿದ್ದರೆ ಅವರ ಕಡೆ ತಿರುಗಿ. ಕಾರಣ ಹೇಳಬೇಡಿ, ನಿನ್ನ ಒಳ್ಳೆಯದಕ್ಕೆ ಮಾಡಿದೆ ಎನ್ನಬೇಡಿ. ಆದದ್ದನ್ನು ಆದ ಹಾಗೆ ಹೇಳಿ. ಬೈದರೆ ಬೈಸಿಕೊಳ್ಳಿ. ಕೀಲಿ ಕಸಿದುಕೊಂಡರೆ ಕೊಟ್ಟುಬಿಡಿ.

ಏಳಿ. ನಾನು ಇಲ್ಲೇ ಕೂತಿರುತ್ತೇನೆ. ನೀವು ಮಾತಾಡಿ ಬನ್ನಿ, ಆಮೇಲೆ ಮಂಗಳಾರತಿ.