ಮಚ್ಚು ಹೋದ ದಾರಿ

ಬೊಮೆಟ್ ಆಸ್ಪತ್ರೆಯಲ್ಲಿ ಹಲ್ಲುನೋವಿನ ದವಡೆ ಹಿಡಿದು ಕೂತಿದ್ದ ತಾಪ್ಲೆಲೆಗೆ ಮುಂದಿನ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಲ್ಲಿದ್ದ ತರುಣ ಲಂಗಾಟ್‌ನ ಮುಷ್ಟಿಯಿಂದ ರಕ್ತ ಸೋರುತ್ತಿತ್ತು. ಪಕ್ಕದಲ್ಲಿ ಅವನ ಅತ್ತಿಗೆ ಕೂತಿದ್ದಳು.

“ಮುದುಕ ಮರಿಟಿಮ್‌ನ ಯಾಕೋ ಹಂಗೆ ಚಚ್ಚಿದ್ರಿ? ಒಂದು ಕಣ್ಣೇ ಹೋಗಿದೆ.”

“ಮೆಕ್ಕೆಜೋಳದ ರೋಗ ಮೊದಲು ಬಂದಿದ್ದು ಅವನ ಹೊಲಕ್ಕೇ ಅಲ್ವಾ ಅತ್ತಿಗೆ? ಹೋದ ತಿಂಗಳೇ ನಾವು ಹುಡುಗ್ರು ನುಗ್ಗಿ ಬೆಳೆ ಪೂರ್ತಿ ಕೊಚ್ಚಿ ಹಾಕಿದ್ವಿ. ಆದ್ರೂ ನಮ್ಮ ಹೊಲಕ್ಕೂ ಬಂತಲ್ಲ!”

“ಕೊಚ್ಚಿ ಆದ್ಮೇಲೆ ಎಲ್ಲಿಗೆ ಹೋದ್ರಿ?”

“ಕೋಸ್ಕೆಯವರ ಹೊಲ, ಸಿಗೇಯವರ ಹೊಲ, ಕೊನೆಗೆ ನಮ್ಮದು. ರೋಗ ಹಬ್ಬಿದೆಯಾ ಅಂತ ಅಲ್ಲಲ್ಲಿ ದಂಟು ಕಡಿದು ನೋಡಿದ್ವಿ.”

“ಅದೇ ಮಚ್ಚಲ್ಲಿ?”

“ಇನ್ಯಾವ ಮಚ್ಚಿದೆ?”

“ಬೆಳಿಗ್ಗೆ ಕೃಷಿ ಆಫೀಸರು ಬಂದಿದ್ರು. ಎಲ್ಲರ ಹೊಲದ ಎಲೆ ಪರೀಕ್ಷೆ ಆಗಿದೆಯಂತೆ. ಹೊಲದಿಂದ ಹೊಲಕ್ಕೆ ಹೋಗ್ತಾ ಆ ರೋಗದ ವೈರಸ್ಸು ಒಂಚೂರು ಒಂಚೂರು ಬದಲಾಗುತ್ತಂತೆ. ಅದನ್ನ ನೋಡಿದ್ರೆ ಬಂದ ದಾರಿ ಗೊತ್ತಾಗುತ್ತಂತೆ. ಮೊದಲು ಮರಿಟಿಮ್‌ದು, ಆಮೇಲೆ ಕೋಸ್ಕೆದು, ಆಮೇಲೆ ಸಿಗೇದು.”

ಲಂಗಾಟ್ ಮುಷ್ಟಿಯ ರಕ್ತವನ್ನು ಅಂಗಿಯಂಚಿಗೆ ಒರೆಸಿಕೊಂಡ.

“ಕೊನೆಗೆ ನಮ್ಮದು,” ಅತ್ತಿಗೆಯೇ ಮುಗಿಸಿದಳು.

ನರ್ಸ್ ಅವನ ಹೆಸರು ಕೂಗಿದಳು. ಅವನು ಎದ್ದ.

“ಹೋಗು. ಮಚ್ಚಂತೂ ತೊಳೀಲಿಲ್ಲ, ಆ ಕೈಯಾದ್ರೂ ತೊಳೆಸ್ಕೊ.”