ಪುಟದ ಪಕ್ಕದ ತೊಟ್ಟಿಲು

ಮಾನ್ವಿಯಿಂದ ಬರುವ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನ ಹುಡುಗ ತಾಯಿಯ ಮುಖದೆದುರು ಮೊಬೈಲ್ ಹಿಡಿದ.

“ಅಮ್ಮಾ, ವೇದಶ್ರೀ ಅಕ್ಕನ ಅಡಿಗಿ ವೆಬ್‌ಸೈಟ್ ಮಂದಿ ಈಗಲೂ ಓದಾಕತ್ತಾರ. ಜಾಹೀರಾತು ಹಾಕಿ ನೋಡೀನಿ.”

“ಪಕ್ಕದಾಗ ಈ ತೊಟ್ಟಿಲಿನ ಚಿತ್ರ ಯಾಕ ಬಂತೋ ಸುಮಂತ?”

“ತಾನು ಬಸರಿದ್ದಾಗಿನ ಕುಬಸದ ಅಡಿಗಿ ಬರದಾಳಲ್ಲ. ಪುಟದಾಗಿನ ಮಾತು ನೋಡಿ, ತಕ್ಕ ಜಾಹೀರಾತು ತಾನೇ ಬರ್ತದ.”

“ಹೆರಿಗ್ಯಾಗ ಕೂಸಿನ ಕೂಡ ತೀರಿಹೋದ ನನ್ನ ಮಗಳಿಗಿ ತೊಟ್ಟಿಲು ತೋರಸ್ತದೇನು? ಭಾಳ ಶಾಣ್ಯಾ ಅದ ಬಿಡು.”

“ಆಕಿ ಇಲ್ಲ ಅಂತ ಅದಕ್ಕೇನ್ ಗೊತ್ತು?”

ಆಕೆ ಮೊಬೈಲಿನ ಮೇಲೆ ಸೆರಗು ಮುಚ್ಚಿದಳು.

“ಆ ಪುಟದಾಗ ಆಕಿ ಇನ್ನೂ ಬಸರಿನೇ ಅದಾಳ.”

“ಜಾಹೀರಾತಿನ ದುಡ್ಡಿದ್ರ ಬಾಡಿಗಿ ಕಟ್ಟಬೋದು, ಸೈಟ್ ಉಳೀತದ. ಇಲ್ಲಂದ್ರ ಈ ತಿಂಗಳಿಗೆ ಬಂದ್. ಹ್ಞೂಂ ಅನ್ನಮ್ಮಾ.”

ಕಲ್ಮಲಾದಲ್ಲಿ ಬಸ್ಸು ನಿಂತಿತು. ಆಕೆ ಇಳಿಯಲು ಎದ್ದಳು.

“ಬ್ಯಾಡ. ಸೈಟ್ ಬಂದ್ ಆಗ್ಲಿ.”